ಪಾಸ್‌ವರ್ಡ್ ಕೊಡದ ಸುಬ್ರಾಯ ಮಾವ

ಬೀರುವಿನ ಕೀಲಿಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡೇ ಸ್ನಾನ ಮಾಡುತ್ತಿದ್ದ ಮನುಷ್ಯ ನಮ್ಮ ಸುಬ್ರಾಯ ಮಾವ. ಫೋನಿನ ಲಾಕ್ ತೆಗೆಯುವಾಗಲಂತೂ ಹೆಂಡತಿಗೂ ಬೆನ್ನು ತಿರುಗಿಸುತ್ತಿದ್ದ. ಆ ಹೆಂಡತಿ ನನ್ನ ಸೋದರತ್ತೆ ಭಾಗೀರಥಿ. ಸಾಗರದ ಪೇಟೆಯ ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಕದಿಯಲು ಯಾರಿದ್ದರು ಅಂತ ದೇವರೇ ಹೇಳಬೇಕು.

ಮಾವ ಯಾವುದೋ ಕಚೇರಿಯಲ್ಲಿ ಸಾಹೇಬನಾಗಿದ್ದು ನಿವೃತ್ತನಾದವನು. ವಯಸ್ಸಾದದ್ದನ್ನೇ ದೊಡ್ಡ ಪದವಿ ಅಂತ ತಿಳಿದಿದ್ದ. "ಇಷ್ಟು ಮಳೆಗಾಲ ಕಂಡವಂಗೆ ಯಾವವ ಮೋಸ ಮಾಡ್ತ?" ಎನ್ನುವುದು ಅವನ ಜಂಬ. ದಿನಾ ಬೆಳಿಗ್ಗೆ ಮನೆಮಂದಿಯ ಗ್ರೂಪಿಗೆ, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂಬ ಉಪದೇಶ ಅವನದೇ ಧ್ವನಿಯಲ್ಲಿ ಬರುತ್ತಿತ್ತು. ಅದರ ಬೆನ್ನಿಗೇ ಉಚಿತ ರೀಚಾರ್ಜಿನ ಲಿಂಕೊಂದನ್ನು ತಾನೇ ಕಳಿಸುತ್ತಿದ್ದ. ಕೇಳಿದರೆ, "ಅದು ಗುರುತಿನವು ಕಳ್ಸಿದ್ದು" ಎಂಬ ಉತ್ತರ. ನನಗೆ ಮೈ ಉರಿದುಹೋಗುತ್ತಿತ್ತು.

ಅತ್ತೆಗೆ ಫೋನ್ ಇರಲಿಲ್ಲ. "ಹೆಂಗಸರ ಕೈಗೆ ಫೋನ್ ಕೊಟ್ರೆ ಯಾರಾದ್ರೂ ಬಣ್ಣದ ಮಾತಾಡಿ ಬೋಳಿಸ್ತ" ಎಂದು ತೀರ್ಮಾನಿಸಿಬಿಟ್ಟಿದ್ದ ಪುಣ್ಯಾತ್ಮ. ಮೇಳಿಗೆ ಊರಿನಲ್ಲಿದ್ದ ಅವಳ ಅಕ್ಕ ಮಾವನ ಫೋನಿಗೇ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಹಪ್ಪಳ ಒಣಗಲಿಲ್ಲ, ಬೆಕ್ಕು ಮರಿ ಹಾಕಿತು, ನಿನ್ನ ಮಂಡಿನೋವು ಹೇಗಿದೆ, ಇಂಥವೇ. ಅಕ್ಕ ತೀರಿಕೊಂಡ ಮೇಲೆ ಅವಳ ಧ್ವನಿ ಉಳಿದದ್ದು ಆ ಫೋನಿನಲ್ಲಿ ಮಾತ್ರ. ಅತ್ತೆ ಮಧ್ಯಾಹ್ನ ಗಂಡನ ಎದುರು ಬಂದು ನಿಂತು, "ಒಂದ್ಸಲ ಅಕ್ಕನ ಮಾತು ಹಾಕ್ತ್ರಾ?" ಎಂದು ಬೇಡುತ್ತಿದ್ದಳು. ಊಟ ಮಾಡಿ, ಎಲೆಯಡಿಕೆಯ ಕವಳ ಹಾಕಿ, ಆಮೇಲೆ ದೊಡ್ಡ ದಾನ ಮಾಡುವವನಂತೆ ಹಾಕುತ್ತಿದ್ದ.

ಅದನ್ನೆಲ್ಲ ಬ್ಯಾಕಪ್ ಮಾಡಿಡುತ್ತೇನೆ ಎಂದು ನಾನು ಕೇಳಿದ್ದೆ. ಮಾವ ಹೌಹಾರಿದ. "ನಮ್ಮನೆ ಮಾತನ್ನ ಯಾವನದ್ದೋ ಕಂಪ್ಯೂಟರಲ್ಲಿ ಇಡದಾ? ಎಂಗೇನು ಮಂಡೆ ಕೆಟ್ಟಿದ್ದಾ?"

ಕಳೆದ ವರ್ಷ ಗೌರಿ ಹಬ್ಬಕ್ಕೆ ನಾನು ಹೋಗಿದ್ದಾಗ ಒಂದು ಕರೆ ಬಂತು. ಪಿಂಚಣಿಯ ದಾಖಲೆ ಸರಿಪಡಿಸಬೇಕಂತೆ. ಮಾವ ಸ್ಪೀಕರ್ ಹಾಕಿ ವಿಚಾರಣೆ ಶುರುಮಾಡಿದ. ನಮ್ಮ ಕಡೆ ಹೊಸಬರನ್ನು ತೂಗುವುದು ಊರು, ಮನೆತನ ಕೇಳಿಯೇ.

"ಯಾವೂರಾತು ನಿಮ್ಗೆ?"

"ನಿಮ್ಮ ಕಡೆಯವನೇ ಸರ್."

"ಹೊಸನಗರದ ಬದಿಯವರಾ?"

"ಹೌದು ಸರ್, ಹೊಸನಗರ."

"ಹಾಗಾದ್ರೆ ದೇವಸ್ಥಾನದ ಹಿಂದಿನ ಗಣಪಯ್ಯನ ಪೈಕಿ ಇರ್ಬೇಕು."

"ಗಣಪಯ್ಯ ನಮ್ಮ ದೊಡ್ಡಪ್ಪ ಸರ್!"

ಪ್ರಶ್ನೆಯೂ ಇವನದೇ, ಉತ್ತರವೂ ಇವನದೇ! ಫೋನ್ ಇಡು ಮಾವ ಎಂದು ಕಿರುಚಿದೆ. "ದೊಡ್ಡವು ಮಾತಾಡಕಾರೆ ಬಾಯಿ ಹಾಕಲಾಗ" ಎಂದವನೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಕರೆ ಮಾಡಿದವನು ಹೇಳಿದ ಆ್ಯಪ್ ಹಾಕಿಕೊಂಡ. ಬಂದ ಓಟಿಪಿಯನ್ನು ಪಂಚಾಂಗ ಓದಿದ ಹಾಗೆ ಬಿಡಿಬಿಡಿಸಿ ಓದಿದ್ದು ಹೊರಗೆ ನಮಗೇ ಕೇಳಿಸಿತು.

ಬ್ಯಾಂಕಿನವರು ಹೇಗೋ ತಡೆದು ದುಡ್ಡು ಉಳಿಸಿದರು. ಫೋನು ಮಾತ್ರ ತನ್ನಷ್ಟಕ್ಕೇ ಏನೇನೋ ಆಡತೊಡಗಿತು. ತಡಿ, ಒಳಗಿದ್ದದ್ದನ್ನು ಮೊದಲು ತೆಗೆದಿಡೋಣ ಎಂದು ನಾನು ಗೋಗರೆದರೂ ಕೇಳದೆ ಅಂಗಡಿಗೆ ಓಡಿ ಎಲ್ಲವನ್ನೂ ಅಳಿಸಿಸಿಕೊಂಡು ಬಂದ. ಮೇಳಿಗೆಯ ಅಕ್ಕನ ಫೋನು ಮೊದಲೇ ನೀರಿಗೆ ಬಿದ್ದು ಕೆಟ್ಟಿತ್ತು.

"ಒಂದು ಪೈಸೆ ಹೋಯ್ದಿಲ್ಲೆ!" ಎಂದು ಎದೆ ಉಬ್ಬಿಸಿದ.

"ಅಕ್ಕನ ಮಾತು?" ಎಂದಳು ಅತ್ತೆ.

"ಸತ್ತವರ ಮಾತು ಇಟ್ಗಂಡು ಎಂತ ಮಾಡ್ತೆ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವನ ಮೇಲೆ ನನಗಿದ್ದ ಚೂರುಪಾರು ಗೌರವವೂ ಅವತ್ತೇ ಹೋಯಿತು. ಪಾಪ, ವಯಸ್ಸಾಯಿತಲ್ಲ ಎಂದು ನೆಂಟರು ಸಮಾಧಾನ ಹೇಳಿದರು. ಎಂಥ ವಯಸ್ಸು, ಮಣ್ಣು! ಅತ್ತೆಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಹಿಂದೊಮ್ಮೆ ಮಾವ ಸ್ನಾನಕ್ಕೆ ಹೋಗಿದ್ದಾಗ ಅವನ ಫೋನಿಗೆ ಇಂಥದೇ ಕರೆ ಬಂದು, ಎತ್ತಿದ ಅವಳು, "ಎಂಗೆ ಇದೆಲ್ಲ ಗೊತ್ತಿಲ್ಲೆ" ಎಂದು ಇಟ್ಟುಬಿಟ್ಟಿದ್ದಳು. ಗೊತ್ತಿಲ್ಲ ಎನ್ನುವ ಒಂದು ಮಾತು ಮಾವನ ಬಾಯಲ್ಲಿ ಜನ್ಮದಲ್ಲಿ ಬರಲಿಲ್ಲ.

ಈ ಮಳೆಗಾಲದಲ್ಲಿ ಮಾವ ಹೋದ. ವೈಕುಂಠ ಸಮಾರಾಧನೆಯ ಊಟಕ್ಕೆ ಬಂದವರೆಲ್ಲ, ಎಷ್ಟು ಜಾಗ್ರತೆಯ ಮನುಷ್ಯ ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ. ಎಲ್ಲ ಹೊರಟ ಮೇಲೆ ಅತ್ತೆಗೊಂದು ಹೊಸ ಫೋನ್ ಕೊಟ್ಟೆ. ನನ್ನ ಫೋನಿನಲ್ಲಿ ಮಾವನ ಧ್ವನಿ ರಾಶಿ ಇದೆ, ಇದಕ್ಕೆ ಹಾಕಿಕೊಡಲಾ ಎಂದು ಕೇಳಿದೆ.

ಅತ್ತೆ ತಲೆ ಅಲ್ಲಾಡಿಸಿದಳು.

"ಇವರ್ದು ಬ್ಯಾಡ ಕೂಸೆ, ಕೇಳಿ ಕೇಳಿ ಸಾಕಾಯ್ದು. ಅಕ್ಕಂದು ಎಲ್ಲಾದ್ರೂ ಒಂದು ಉಳ್ದಿದ್ದಾ ನೋಡು."