ನಕ್ಷೆಯಲ್ಲಿಲ್ಲದ ಹನ್ನೊಂದು ಮನೆ

ನಮ್ಮ ಅಕ್ಕೋರ ಬಲಗೈಯ ತೋರುಬೆರಳಿಗೆ ತುದಿಯಿರಲಿಲ್ಲ. ಬನಹಟ್ಟಿಯ ನೇಕಾರರ ಮನೆಯ ಮಗಳು. ಸಣ್ಣವರಿದ್ದಾಗ ಪವರ್‌ಲೂಮಿನ ಬೆಲ್ಟಿಗೆ ಸಿಕ್ಕು ಮೊದಲ ಗೆಣ್ಣು ಹೋಗಿತ್ತು. ಜಮಖಂಡಿಯ ನಮ್ಮ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವಾಗ ಆ ಮೋಟು ಬೆರಳಿನಿಂದಲೇ ದೇಶ ದೇಶಗಳನ್ನು ತೋರಿಸುತ್ತಿದ್ದರು. ಹೊಸ ಹುಡುಗಿಯರು ನಕ್ಷೆ ಬಿಟ್ಟು ಬೆರಳನ್ನೇ ನೋಡುತ್ತ ಕೂತರೆ, "ನೋಡೂದಾತಿಲ್ಲೋ? ಇನ್ನ ನಕಾಶಿ ನೋಡ್ರಿ" ಎನ್ನುತ್ತಿದ್ದರು.

ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವಂತೆ ಎಲ್ಲರಿಗೂ ಅವರು ಅಕ್ಕೋರು. ಬಹಳ ಅಂಜುವ ಜೀವ. ಬಸ್ಸು ಹತ್ತಕ್ಕಿದ್ದರೆ ಒಂಬತ್ತಕ್ಕೇ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು. ಯಾವ ಕಾಗದವಾದರೂ ಮೂರು ಝೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಎರಡು ದಿನ ಶಾಲೆಗೆ ಬಾರದ ಹುಡುಗಿಯ ಮನೆ ಹುಡುಕಿಕೊಂಡು ನಡೆದೇ ಹೋಗಿಬಿಡುತ್ತಿದ್ದರು. ಮುಧೋಳದಿಂದ ಬರುತ್ತಿದ್ದ ನನ್ನ ಬಸ್ಸು ತಡವಾದರೆ ಗೇಟಿನ ಹತ್ತಿರ ಅವರ ಮುಖ ಕಾಣುತ್ತಿತ್ತು.

ಅವರು ಕಲಿಸಿದ್ದರಲ್ಲಿ ನನಗೆ ಮರೆಯದ್ದು ಅಮೆರಿಕದ ಪಾಠ. ಹುಟ್ಟಿ ಮೂವತ್ತು ವರ್ಷವೂ ತುಂಬದ ದೇಶವೊಂದು ತನ್ನಷ್ಟೇ ದೊಡ್ಡ ಇನ್ನೊಂದು ಸೀಮೆಯನ್ನು ಫ್ರಾನ್ಸಿನಿಂದ ಕೊಂಡಿತು. ಕೊಂಡ ನೆಲ ಹೇಗಿದೆ, ಅಲ್ಲಿಂದಾಚೆ ಸಮುದ್ರದ ತನಕ ದಾರಿಯಿದೆಯೇ ಎಂದು ನೋಡಿಬರಲು ಇಬ್ಬರು ಸೇನಾಧಿಕಾರಿಗಳ ತಂಡವನ್ನು ನದಿಗುಂಟ ಪಶ್ಚಿಮಕ್ಕೆ ಕಳಿಸಿತು. ಪರೀಕ್ಷೆಯಲ್ಲಿ ನಾನು "ಅಮೆರಿಕವು ವಿಶಾಲವಾದ ಖಾಲಿ ಭೂಮಿಯನ್ನು ಖರೀದಿಸಿತು" ಎಂದು ಬರೆದಿದ್ದೆ. ಅಕ್ಕೋರು "ಖಾಲಿ" ಎಂಬುದಕ್ಕೆ ಕೆಂಪು ಸುತ್ತು ಹಾಕಿ ನನ್ನನ್ನು ಎಬ್ಬಿಸಿ ನಿಲ್ಲಿಸಿದರು.

"ಖಾಲಿ ಅಂತ ಯಾರ ಹೇಳಿದ್ರು ನಿನಗ?"

"ಹಂಗ ಅನಿಸ್ತ್ರಿ, ಅಕ್ಕೋರ."

"ಚಳಿಗಾಲದಾಗ ಆ ತಂಡಕ್ಕ ತಿನ್ನಾಕ ಗೋಂಜಾಳ ಕೊಟ್ಟವರು ಯಾರು? ಗುಡ್ಡ ದಾಟಾಕ ಕುದುರಿ ಕೊಟ್ಟವರು ಯಾರು? ಬೆನ್ನಿಗೆ ಕೂಸು ಕಟಗೊಂಡು ಅವರ ಸಂಗಾಟ ನಡದಾಕಿ ಯಾರು? ಖಾಲಿ ಇದ್ರ ಇವರೆಲ್ಲಾ ಎಲ್ಲಿಂದ ಬಂದ್ರವಾ?"

ನನ್ನ ಕಣ್ಣು ತುಂಬಿದ್ದನ್ನು ನೋಡಿ ದನಿ ಇಳಿಸಿದರು. "ಮಾರಿದವರು ಅಲ್ಲಿದ್ದವರನ್ನ ಕೇಳಲಿಲ್ಲ, ಕೊಂಡವರೂ ಕೇಳಲಿಲ್ಲ. ಇಷ್ಟ ನೆನಪಿಡು, ಸಾಕು. ಕೂಡು."

ಮುಂದೆ ನಾನು ಭೂಮಾಪಕಿಯಾದೆ. ಕೆಲವು ವರ್ಷಗಳ ಹಿಂದೆ ನನ್ನನ್ನು ಬೀಳಗಿ ತಾಲೂಕಿಗೆ, ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಲಿರುವ ಹಳ್ಳಿಗಳ ಅಳತೆಗೆ ಹಾಕಿದರು. ಪಟ್ಟಿಯಲ್ಲಿದ್ದ ಮೊದಲ ಊರು ಅಕ್ಕೋರ ಗಂಡನ ಊರೇ. ಗಂಡ ತೀರಿಕೊಂಡಿದ್ದರು; ನಿವೃತ್ತರಾದ ಮೇಲೆ ಅವರು ಅಲ್ಲಿ ಮೈದುನನ ಸಂಸಾರದ ಜೊತೆ ಇದ್ದಾರೆಂದು ನನಗೆ ಗೊತ್ತಿತ್ತು. ಬಾಡಗಂಡಿ ದಾಟಿ ಜೀಪು ಕಬ್ಬಿನ ಹೊಲಗಳ ನಡುವೆ ನದಿಯ ಕಡೆ ಇಳಿಯಿತು. ಯಾವ ಮುಖ ಹೊತ್ತು ಅವರ ಬಾಗಿಲಲ್ಲಿ ನಿಲ್ಲುವುದು?

ಅವರು ನನ್ನನ್ನೂ ನನ್ನ ಕೈಯಲ್ಲಿದ್ದ ಅಳತೆಯ ಟೇಪನ್ನೂ ನೋಡಿದರು. ಆಮೇಲೆ, "ಅಳ್ಯಾಕ ನೀನ ಬಂದೀಯೇನ? ಛಲೋ ಆತು. ಮೊದಲ ರೊಟ್ಟಿ ತಿನ್ನು" ಎಂದರು. ಊಟವಾದ ಮೇಲೆ ಟೇಪಿನ ಇನ್ನೊಂದು ತುದಿಯನ್ನು ತಾವೇ ಹಿಡಿದು ತಮ್ಮ ಮನೆಯನ್ನು ಅಳೆಸಿದರು.

ಮರುದಿನ ಅಕ್ಕೋರೂ ನಾನೂ ನದಿಯಂಚಿಗೆ ಹೋದೆವು. ಹಳೆಯ ನಕ್ಷೆಯಲ್ಲಿ ಆ ಜಾಗ ಗಾಯರಾಣ, ಊರ ದನ ಮೇಯುವ ಸರ್ಕಾರಿ ನೆಲ. ಆದರೆ ಅಲ್ಲಿ ಮೀನು ಹಿಡಿಯುವವರ ಹನ್ನೊಂದು ತಗಡಿನ ಮನೆಗಳಿದ್ದವು. ಅಂಗಳಗಳಲ್ಲಿ ಬಲೆ ಒಣಗುತ್ತಿದ್ದವು. ಶನಿವಾರದೊಳಗೆ ಅಳತೆ ಮುಗಿಯಬೇಕೆಂದು ಮೇಲಧಿಕಾರಿಯ ತಾಕೀತಿತ್ತು. ಮನೆಗಳಿಗೆ ಬೆನ್ನು ಮಾಡಿ ನಿಂತು, ಹಾಳೆಯಲ್ಲಿ "ಗಾಯರಾಣ, ಖಾಲಿ" ಎಂದು ಬರೆದುಬಿಟ್ಟೆ.

"ಏನ ಬರದಿ? ಓದು" ಎಂದರು ಅಕ್ಕೋರು.

ಓದಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅಕ್ಕೋರ, ಪಹಣಿ ಉತಾರದಾಗ ಇವರ ಹೆಸರಿಲ್ರಿ. ಬರದ್ರ ನನ್ನ ನೌಕರಿ ಮ್ಯಾಲ ಬರ್ತೈತ್ರಿ."

"ಬರ್ತೈತಿ. ಸುಳ್ಳ ಯಾಕ ಹೇಳ್ಲಿ" ಎಂದರು.

ಅಷ್ಟರಲ್ಲಿ ಬಲೆ ಹೆಣೆಯುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದಳು. "ನಮ್ಮ ಹೆಸರ ಬರೀಬ್ಯಾಡ್ರಿ ಎವ್ವಾ. ಬರದ್ರ ಸರಕಾರಿ ಜಾಗಾದಾಗ ಕುಂತಾರಂತ ನಾಳೇನ ಎಬ್ಬಸ್ತಾರ."

ಇದನ್ನು ನಾನೂ ಯೋಚಿಸಿರಲಿಲ್ಲ, ಅಕ್ಕೋರೂ ಯೋಚಿಸಿರಲಿಲ್ಲ. ಅಕ್ಕೋರು ಅಲ್ಲಿದ್ದ ದೋಣಿಯೊಂದರ ಅಂಚಿನ ಮೇಲೆ ಕೂತು ಆ ಹೆಂಗಸನ್ನೂ ಹತ್ತಿರ ಕೂರಿಸಿಕೊಂಡರು. ಆಮೇಲೆ ಹೇಳಿದರು: "ನನಗೂ ಅಂಜಿಕಿ ಐತಿ, ತಂಗಿ. ಬರಸಿದ್ರ ಏನಾಕ್ಕೈತಿ ನನಗ ಖರೇ ಗೊತ್ತಿಲ್ಲ. ಬರಸದಿದ್ರ ನೀರ ಬಂದ ದಿನಾ ನೀವು ಇಲ್ಲಿ ಇದ್ರಿ ಅನ್ನಾಕ ಒಂದ ಚೀಟಿ ಇರೂದಿಲ್ಲ. ಅದಷ್ಟ ಗೊತ್ತೈತಿ. ನೀವ ವಿಚಾರ ಮಾಡ್ರಿ. ಬರಸೂದಾದ್ರ ಸಾಕ್ಷಿಗೆ ನಾ ಸಹಿ ಹಾಕ್ತೇನಿ."

ಮೀನು ಹಿಡಿಯುವವರು ತಮ್ಮೊಳಗೆ ಮಾತಾಡಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಆ ಹೆಂಗಸೇ ಮೊದಲು ಬಂದು ಹೆಸರು ಹೇಳಿದಳು. ಸಂಜೆಯೊಳಗೆ ಎಂಟು ಮನೆಗಳ ಪಂಚನಾಮೆಯಾಯಿತು. ಉಳಿದ ಮೂರಕ್ಕೆ ಬೀಗವಿತ್ತು. ಆ ಮಂದಿ ಗೋವಾಕ್ಕೆ ದುಡಿಯಲು ಹೋಗಿದ್ದರು. "ಅವರು ಬಂದ ಮ್ಯಾಲ ನಾ ಮತ್ತ ಬಂದು ಬರಕೋತೇನ್ರಿ" ಎಂದೆ. ಅಕ್ಕೋರು ಬೀಗಗಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ನೆನಪ ಇಟಗೋ" ಎಂದರು.

ಮೇಲಧಿಕಾರಿ ಹಾಳೆಯನ್ನು ನನ್ನ ಮುಂದೆ ಎಸೆದರು. "ಉತಾರದಾಗ ಇಲ್ಲದ್ದು ನಿನ್ನ ಕಣ್ಣಿಗೆ ಹೆಂಗ ಕಂಡ್ತು? ತಿದ್ದಿಕೊಂಡು ಬಾ."

ತಿದ್ದಲಿಲ್ಲ. ಧೈರ್ಯದಿಂದಲ್ಲ, ಅಕ್ಕೋರ ಸಹಿ ಇದ್ದ ಹಾಳೆಯ ಮೇಲೆ ಪೆನ್ನು ಊರಲು ಕೈ ಬರಲಿಲ್ಲ. ಈ ಸಂಗತಿ ಫೋನಿನಲ್ಲಿ ಹೇಳಿದ ಮರುದಿನವೇ ಅವರು ಕಚೇರಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರ ತುಂಬ ಆ ಎಂಟು ಮನೆಗಳ ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲಾತಿ. ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂತರು. ನಾನು ಅವರ ಮುಂದೆ ಹಾಯಲೂ ಹೆದರುತ್ತಿದ್ದೆ. ಮೂರನೆಯ ದಿನ ಮೇಲಧಿಕಾರಿ ಒಳಗೆ ಕರೆದರು.

"ನೀವು ಈ ಮೀನುಗಾರರಿಗೆ ಏನಾಗಬೇಕ್ರಿ?"

"ಇವರ ಮಕ್ಕಳ ಹೆಸರ ಸಾಲ್ಯಾಗ ಹಚ್ಚಿದಾಕಿ ನಾನ್ರೀ."

ಮೇಲಧಿಕಾರಿ ಕಾಗದಗಳನ್ನೆಲ್ಲ ತಿರುವಿ ಹಾಕಿ, ಪಟ್ಟಿಯನ್ನು ಅನುಬಂಧವೆಂದು ಸೇರಿಸಿ ಮೇಲಕ್ಕೆ ಕಳಿಸಿದರು. ಆಮೇಲೆ ಕಾಯುವುದೇ ಕಾಯುವುದು. ನದಿಯಂಚಿನಲ್ಲಿ ಯಾವ ಜೀಪಿನ ಸದ್ದು ಕೇಳಿದರೂ ಎಬ್ಬಿಸಲು ಬಂದರೆಂದು ಹೆಂಗಸರು ಹೊರಗೆ ಓಡಿಬರುತ್ತಿದ್ದರಂತೆ. ಅಕ್ಕೋರು ವಾರಕ್ಕೆರಡು ಸಲ ಫೋನು ಮಾಡುತ್ತಿದ್ದರು. "ನಾ ಅವರಿಗೆ ಕೆಟ್ಟದ್ದೇನರ ಮಾಡಿದೆನೇನ ಬೇ?" ಎಂದು ಒಮ್ಮೆ ಕೇಳಿದರು.

ಆದೇಶ ಬಂತು. ಎಂಟು ಮನೆಗಳಿಗೆ ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತು. ಬೀಗ ಹಾಕಿದ್ದ ಮೂರು ಮನೆಗಳು ಪಟ್ಟಿಯಲ್ಲಿರಲಿಲ್ಲ. ನಾನು ಮತ್ತೆ ಹೋಗಿರಲಿಲ್ಲ. ಬೇರೆ ಊರು, ಬೇರೆ ಅಳತೆ, ನಾಳೆ ನಾಡಿದ್ದು ಎನ್ನುತ್ತ ಅವಧಿ ಮುಗಿದುಹೋಗಿತ್ತು. ಹೇಳಲು ಹೋದಾಗ ಅಕ್ಕೋರು ನನ್ನ ಕೈ ಹಿಡಿದುಕೊಂಡರು. "ನಿನ್ನೊಬ್ಬಾಕಿದ ತಪ್ಪಲ್ಲ. ಬೀಗ ನೋಡಿ ನಾನೂ ಹೊಳ್ಳಿ ಬಂದೆ" ಎಂದರು. ಅಂದೇ ಆ ಮೂರು ಮನೆಯವರ ಅರ್ಜಿ ಬರೆಯಲು ಕೂತರು. ಅವು ಇನ್ನೂ ಪರಿಶೀಲನೆಯಲ್ಲಿವೆ; ನಾನೇ ಬೆನ್ನು ಹತ್ತಿದ್ದೇನೆ.

ಈ ಶ್ರಾವಣದಲ್ಲಿ ಒಂದು ಬೆಳಗ್ಗೆ ಅಕ್ಕೋರು ಸ್ನಾನ ಮಾಡಿ ಬಂದವರು ಬಾಗಿಲಲ್ಲೇ ಕುಸಿದರು. ನಾನು ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಪುನರ್ವಸತಿ ಕೇಂದ್ರದ ಎತ್ತರದ ರುದ್ರಭೂಮಿಯಲ್ಲಿ ಮಣ್ಣು ಮಾಡೋಣ, ಅಲ್ಲಿಗೆ ನೀರು ಬರುವುದಿಲ್ಲ ಎಂದು ಊರವರು ಹೇಳಿದರು. ಮೈದುನ ಒಪ್ಪಲಿಲ್ಲ. "ವೈನಿ ಹೇಳಿ ಹೋಗ್ಯಾರ. ನೀರ ಬಂದ್ರ ಬರವಲ್ದ್ಯಾಕ, ನಮ್ಮ ಹೊಲದಾಗ ಅಣ್ಣನ ಮಗ್ಗಲಕ್ಕ ಇಡ್ರಿ ಅಂದಾರ."

ಆ ಹೊಲವನ್ನು ಅಳೆದವಳು ನಾನೇ. ಬಾವಿ ಒಂದು, ಬೇವಿನ ಮರ ನಾಲ್ಕು, ಸಮಾಧಿ ಒಂದು ಎಂದು ಬರೆದಿದ್ದೆ. ಹೋದ ವಾರ ತಿದ್ದುಪಡಿಯ ಹಾಳೆ ಹಿಡಿದು ಮೇಲಧಿಕಾರಿಯ ಮುಂದೆ ನಿಂತೆ.

"ಸಮಾಧಿ ಎರಡಂತ ಮಾಡೀದಿ. ಇನ್ನೊಂದು ಯಾರದು?"

"ನಮ್ಮ ಅಕ್ಕೋರದ್ರಿ, ಸರ್."

ಅವರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಸಹಿ ಮಾಡಿದರು.