ಕುಡಿಯದೆ ಕೊಟ್ಟ ನೀರು

ಧಮ್ಮಬಂಧುಗಳೇ, ಕುರುಗೋಡಿನ ಬಂಡೆಯ ಮೇಲೆ ನಡೆದ ಪಂದ್ಯದ ವೀಡಿಯೊವನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅದರಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ನಗುತ್ತಾ ಒಂದು ನಿಮಿಷ ಕಾಣಿಸಿ ಮರೆಯಾಗುತ್ತಾಳೆ. ಹೆಸರನ್ನು ಯಾರೂ ಹೇಳುವುದಿಲ್ಲ. ಅವಳು ನಮ್ಮ ದೇಶನೂರಿನ ಮಾರೆಮ್ಮ.

ಮಾರೆಮ್ಮ ಮೂವತ್ತು ವರ್ಷ ಭತ್ತದ ನಾಟಿ ಮಾಡಿದವಳು. ಗದ್ದೆಯ ಬಯಲಿನಲ್ಲಿ ಹೆಣ್ಣುಮಕ್ಕಳಿಗೆ ಮರೆಯೆಂಬುದಿಲ್ಲ, ಗಿಡವಿಲ್ಲ, ಗೋಡೆಯಿಲ್ಲ. ಆದ್ದರಿಂದ ಅವಳ ಗುಂಪಿನವರು ಬೆಳಗ್ಗೆ ಕೆಸರಿಗಿಳಿದರೆ ಸಂಜೆ ಮನೆ ಸೇರುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಹೊಸದಾಗಿ ಬಂದ ಸೊಸೆಯರಿಗೆ ಸಸಿ ಹಿಡಿಯುವುದಕ್ಕೂ ಮೊದಲು ಬಾಯಾರಿಕೆ ನುಂಗುವುದನ್ನು ಕಲಿಸುತ್ತಿದ್ದರು. ಕಾಲು ತಣ್ಣನೆಯ ಕೆಸರಿನಲ್ಲಿರುತ್ತಿದ್ದುದರಿಂದ ದೇಹ ಹೇಗೋ ತಾಳಿಕೊಳ್ಳುತ್ತಿತ್ತು.

ಅವಳಿಗೆ ಒಬ್ಬಳೇ ಮಗಳು, ಗೌತಮಿ. ಹುಟ್ಟಿನಿಂದಲೇ ಕಾಲುಗಳಲ್ಲಿ ಬಲವಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದರೂ ಸಿರುಗುಪ್ಪದ ಕಾಲೇಜಿಗೆ ಹೋಗಲು ಬಸ್ಸಿನ ಮೆಟ್ಟಿಲು ಹತ್ತಲಾರಳು. ಸ್ಕೂಟಿಯ ಪಕ್ಕಕ್ಕೆ ಎರಡು ಗಾಲಿ ಕೂಡಿಸಿದರೆ ಅವಳೇ ಓಡಿಸಬಹುದೆಂದು ಮೆಕ್ಯಾನಿಕ್ ಅಂಜಿನೇಯ ಹೇಳಿದ್ದ. ಅದೇ ವಾರ ಬಳ್ಳಾರಿಯ ವಿಜಯಕುಮಾರನೆಂಬ ಯುವಕ ತನ್ನ ಯೂಟ್ಯೂಬ್ ಚಾನೆಲ್ಲಿಗಾಗಿ ಪಂದ್ಯ ಸಾರಿದ. ಮೇ ತಿಂಗಳ ಬಿಸಿಲಿನಲ್ಲಿ, ಬರಿಗಾಲಿನಲ್ಲಿ, ಬಂಡೆಯ ಮೇಲೆ ಒಬ್ಬೊಬ್ಬರಿಗೂ ಬೇರೆಯಾಗಿ ಎಳೆದ ಸುಣ್ಣದ ಗೆರೆಯೊಳಗೆ ನಿಲ್ಲಬೇಕು. ಗೆರೆ ದಾಟಿದವರು ಸೋತಂತೆ. ಕೊನೆಗೆ ಉಳಿದವರಿಗೆ ಸ್ಕೂಟಿ.

ಬೆಳಗ್ಗೆ ಹನ್ನೊಂದಕ್ಕೆ ಮಾರೆಮ್ಮನೂ ಸೇರಿ ಹತ್ತು ಮಂದಿ ನಿಂತರು. ಗಂಟೆಗೊಂದು ಬಾಟಲಿ ನೀರು ಕೊಡುತ್ತಿದ್ದರು. ಮಾರೆಮ್ಮ ತನ್ನ ಬಾಟಲಿಯನ್ನು ಪಕ್ಕದ ಗೆರೆಯಲ್ಲಿದ್ದ ಸೌಂದರ್ಯಳಿಗೆ ಚಾಚಿದಳು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹುಡುಗಿ ಅವಳು.

“ಯಾಕ ಆಂಟಿ, ನೀವು ಕುಡಿಯಲ್ಲೇನು?”

“ಕುಡಿದ್ರ ಹೋಗಾಕ ಬೇಕಾಗತೈತವ್ವಾ. ಗೆರಿ ದಾಟಿದ್ರ ಕಾಲಾಗ ಬಲ ಇಲ್ಲದ ನನ್ನ ಮಗಳ ಗಾಡಿ ಹೋತು. ಇದನ್ನೂ ನೀನ ಕುಡಿ.”

“ಆಮ್ಯಾಲೆ ನಾನ ಗೆದ್ದುಬಿಟ್ರ?”

“ಗೆಲ್ಲು ನೋಡೋಣು! ಗದ್ಯಾಗ ನಿನ್ನಂಥ ಹತ್ತು ಮಂದೀನ ಹಿಂದ ಹಾಕೀನಿ.”

ಛತ್ರಿಯ ಕೆಳಗಿದ್ದ ವಿಜಯಕುಮಾರ ಕ್ಯಾಮೆರಾ ತಿರುಗಿಸಿ ಕೂಗಿದ: “ಆಂಟಿ, ಮನೀಗ್ಹೋಗಿ ಮುದ್ದಿ ತಿರುವ್ರಿ!”

“ನೀ ಮೊದಲು ಛತ್ರಿ ಮಡಚಿ ಬಾರಲೇ, ಆಮ್ಯಾಲೆ ಮಾತಾಡೋಣು!”

ಎಲ್ಲರೂ ನಕ್ಕರು. ನೀವು ನೋಡಿದ ಒಂದು ನಿಮಿಷ ಇದೇ.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಎಂಟು ಮಂದಿ ಗೆರೆ ದಾಟಿ ನೆರಳು ಸೇರಿದ್ದರು. ಉಳಿದವರು ಇವರಿಬ್ಬರೇ. ಮಾರೆಮ್ಮನ ಮೈಯಲ್ಲಿ ಬೆವರು ನಿಂತುಹೋಗಿತ್ತು. ಆದರೂ ನಾಲ್ಕನೆಯ ಬಾಟಲಿಯನ್ನೂ ಚಾಚಿದಳು. “ತಗೋ, ನನಗ ನೀರಡಿಕಿ ಆಗಿಲ್ಲ” ಎಂದಳು. ಸ್ವಲ್ಪ ಹೊತ್ತಿನಲ್ಲೇ ಸೊಂಟ ಬಗ್ಗಿಸಿ, ಕಾದ ಕಲ್ಲಿಗೆ ಮೂರು ಬೆರಳು ಊರಿ, ಇಲ್ಲದ ಸಸಿಗಳನ್ನು ಒಂದೊಂದಾಗಿ ನೆಡತೊಡಗಿದಳು. ಹಾಗೇ ಮುಂದಕ್ಕೆ ಕುಸಿದಳು.

“ಯಾರೂ ಮುಟ್ಟಬ್ಯಾಡ್ರಿ, ಕಾಲು ಇನ್ನೂ ಒಳಗ ಅದಾವ!” ಎಂದು ವಿಜಯಕುಮಾರ ಕೂಗಿದ.

ಬಂಧುಗಳೇ, ಅಲ್ಲಿ ನೆರೆದಿದ್ದ ಅಷ್ಟು ಜನರಲ್ಲಿ ಒಬ್ಬರ ಎದೆಯ ಕರುಣೆಯಾದರೂ ಆ ಕ್ಷಣ ಒಂದು ಹೆಜ್ಜೆ ಮುಂದಿಡಬಾರದಿತ್ತೇ! ನಿಯಮವೇನೆಂದು ಅವರು ಚರ್ಚಿಸಿ ಮುಗಿಸುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು. ಬಳ್ಳಾರಿಯ ಆಸ್ಪತ್ರೆ ತಲುಪುವ ಮೊದಲೇ ಆ ತಾಯಿಯ ಉಸಿರು ನಿಂತಿತು.

ತೀರಿಕೊಂಡ ಎಂಟನೆಯ ದಿನ ಸೌಂದರ್ಯ ಗೆದ್ದ ಸ್ಕೂಟಿಗೆ ಗಾಲಿ ಕೂಡಿಸಿಕೊಂಡು ದೇಶನೂರಿಗೆ ಬಂದಳು. ತೀರಿಹೋದವಳ ಹೆಸರಿನಲ್ಲಿ ಧಮ್ಮವಂದನೆ ಸಲ್ಲಿಸಲು ಹೋಗಿದ್ದ ನಾನೂ ಅಲ್ಲಿದ್ದೆ.

“ಇದು ನಿಮ್ಮವ್ವಂದು. ಆಕಿ ಕೊಟ್ಟ ನೀರು ಕುಡಿದು ನಾ ಉಳಿದೀನಿ.”

ಗೌತಮಿ ಗಾಡಿಯನ್ನು ನೋಡಿ ಕೇಳಿದಳು: “ಅವ್ವ ಬಿದ್ದಾಗ ನೀವೆಲ್ಲಿದ್ರಿ ಅಕ್ಕಾ?”

“ಗೆರಿ ಒಳಗ” ಎಂದಳು ಸೌಂದರ್ಯ, ತಲೆ ಎತ್ತದೆ. “ಎಬ್ಬಿಸಬೇಕಂತ ಕೈ ಚಾಚೀನಿ. ಕಾಲು ಮಾತ್ರ ತೆಗೀಲಿಲ್ಲ.”

“ಕೀಲಿ ಅಲ್ಲಿ ಇಟ್ಟು ಹೋಗ್ರಿ.”

“ಓಡಿಸೋದು ಕಲಸಾಕ ನಾಳೆ ಬರ್ಲೇನು?”

“ಬ್ಯಾಡ್ರಿ.”

ಕ್ಷಮೆಯ ಕುರಿತು ಎಷ್ಟೋ ಊರುಗಳಲ್ಲಿ ಮಾತನಾಡಿದ್ದೇನೆ. ಅಂದು ಆ ಮಗುವಿಗೆ ಕ್ಷಮಿಸೆಂದು ಹೇಳದೆ, ವಂದನೆ ಮುಗಿಸಿ ಎದ್ದು ಬಂದೆ.

ಅಂಜಿನೇಯ ಅವಳಿಗೆ ಓಡಿಸಲು ಕಲಿಸಿದ. ಅವ್ವ ಬಯಸಿದ್ದೆಂಬ ಒಂದೇ ಕಾರಣಕ್ಕೆ ಗೌತಮಿ ಈಗ ಆ ಗಾಡಿಯಲ್ಲಿ ಕಾಲೇಜಿಗೆ ಹೋಗಿಬರುತ್ತಾಳೆ. ಪ್ರತಿ ಭಾನುವಾರ ಬಳ್ಳಾರಿಯಿಂದ ಸೌಂದರ್ಯ ಫೋನು ಮಾಡುತ್ತಾಳೆ. ಗೌತಮಿ ಇನ್ನೂ ಎತ್ತಿಲ್ಲ.