ಪರದೇಶದ ಕಣದಲ್ಲಿ ಗೋಧಿ ಕೇರಿದ್ದು

ಕೂಡ್ಲಿಗಿಯ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವ ಮೊದಲು ಎರಡು ವರ್ಷ ಇಟಲಿಯಲ್ಲಿದ್ದೆ ಎಂದರೆ ಇಲ್ಲಿನ ಪೇಶಂಟುಗಳು ಸುಲಭಕ್ಕೆ ನಂಬುವುದಿಲ್ಲ. ನಂಬಿದವರು ಮೊದಲು ಕೇಳುವುದು ಅಲ್ಲಿ ಊಟಕ್ಕೇನು ಮಾಡುತ್ತಿದ್ದೆ ಎಂದು. ಊಟದ ಮಾತು ಮುಗಿದ ಮೇಲೆ ನಾನಾಗಿಯೇ ಹೇಳುವುದು ಆ ಊರಿನ ಬೇಸಿಗೆ ಹಬ್ಬದ ಸುದ್ದಿಯನ್ನು.

ಗುಡ್ಡದ ಮೇಲಿನ ಸಣ್ಣ ಊರು ಅದು. ಕಲ್ಲಿನ ಮನೆಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಸರಿದು ನಿಲ್ಲಬೇಕಾದ ಓಣಿಗಳು. ಊರ ಕೊನೆಯ ವೃದ್ಧಾಶ್ರಮದಲ್ಲಿ ನಾನು ನರ್ಸ್. ನಾನು ನೋಡಿಕೊಳ್ಳುತ್ತಿದ್ದವರಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಳು. ಸೊಂಟದ ಮೂಳೆ ಮುರಿದು ಗಾಲಿಕುರ್ಚಿ ಹಿಡಿದಿದ್ದಳು, ನಾಲಿಗೆ ಮಾತ್ರ ಚುರುಕು. ಸೂಜಿ ಚುಚ್ಚಿದರೆ ಬೈಯುತ್ತಿದ್ದಳು, ಚುಚ್ಚುವುದು ತಡವಾದರೂ ಬೈಯುತ್ತಿದ್ದಳು. ಅವಳು ಆಡುತ್ತಿದ್ದುದು ನಾನು ಪರೀಕ್ಷೆಗೆಂದು ಕಲಿತ ಇಟಾಲಿಯನ್ ಅಲ್ಲ, ಆ ಗುಡ್ಡದ ಆಡುಮಾತು. ಪದಗಳ ಕೊನೆಯನ್ನು ನುಂಗಿಬಿಡುತ್ತಿದ್ದಳು. ಕೇಳುತ್ತಾ ಕೇಳುತ್ತಾ ಅದು ನನ್ನ ಕಿವಿಗೆ ನಮ್ಮ ಕೊಟ್ಟೂರು ಕಡೆಯ ಮಾತಿನ ಹಾಗೆಯೇ ಬೀಳತೊಡಗಿತು. ಇಲ್ಲಿ ಅವಳ ಮಾತನ್ನು ನನಗೆ ಕೇಳಿಸಿದಂತೆಯೇ ಬರೆಯುತ್ತಿದ್ದೇನೆ.

ಅಲ್ಲಿ ಗೋಧಿ ಕೊಯ್ಲು ಮುಗಿದ ಮೇಲೆ, ಜುಲೈ ತಿಂಗಳಲ್ಲಿ, ಮೂರು ದಿನದ ಹಬ್ಬ. ದೇವರ ಹಬ್ಬವಲ್ಲ. ಊರಿನವರು ತಮ್ಮ ಹಿರಿಯರ ಬದುಕನ್ನು ತಾವೇ ಮತ್ತೊಮ್ಮೆ ಆಡಿ ನೋಡುವ ಹಬ್ಬ. ಓಣಿಯ ಗೋಡೆಗಳಿಗೆ ಹಳೆಯ ಫೋಟೋಗಳನ್ನು ತೂಗುಹಾಕುತ್ತಾರೆ. ಹುಡುಗಿಯರು ಮುತ್ತಜ್ಜಿಯರ ಲಂಗ ತೊಟ್ಟು ತಲೆಗೆ ವಸ್ತ್ರ ಕಟ್ಟುತ್ತಾರೆ. ಮೇಕೆಯ ಚರ್ಮದ ಚೀಲವನ್ನು ಕಂಕುಳಲ್ಲಿ ಒತ್ತಿ ಊದುವ ವಾದ್ಯವೊಂದಿದೆ, ಅದರ ಹಿಂದೆ ಮಂದಿ ಕುಣಿಯುತ್ತಾ ಹೋಗುತ್ತಾರೆ. ಕೊನೆಯ ದಿನ ಚರ್ಚಿನ ಕೆಳಗಿನ ಬಯಲಿನಲ್ಲಿ ಯಂತ್ರ ಬರುವ ಮೊದಲಿನ ರೀತಿಯಲ್ಲಿ ಗೋಧಿ ಒಕ್ಕಿ, ಗಾಳಿಗೆ ತೂರಿ, ಕೇರಿ ತೋರಿಸುತ್ತಾರೆ. ಬೆತ್ತದ ಬುಟ್ಟಿಯಲ್ಲಿ ಕೇರುವ ಕೆಲಸ ಎಷ್ಟೋ ವರ್ಷಗಳಿಂದ ಈ ಅಜ್ಜಿಯದೇ ಆಗಿತ್ತು. ಆ ವರ್ಷ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ.

ಹಬ್ಬಕ್ಕೆ ಒಂದು ವಾರವಿದ್ದಾಗ, ಅದನ್ನು ನಡೆಸುವ ನಿವೃತ್ತ ಟೀಚರ್ ಒಬ್ಬರು ಬುಟ್ಟಿಯನ್ನೂ ಹೊಟ್ಟು ಸೇರಿದ ಒಂದಿಷ್ಟು ಗೋಧಿಯನ್ನೂ ಹಿಡಿದು ಅಜ್ಜಿಯ ಹತ್ತಿರ ಕಲಿಯಲು ಬಂದರು. ಅಜ್ಜಿ ಕುಳಿತಲ್ಲಿಂದಲೇ ಕೈ ಆಡಿಸಿ ಹೇಳಿಕೊಟ್ಟಳು. ಟೀಚರ್ ಒಮ್ಮೆ ಬುಟ್ಟಿ ಎಗರಿಸಿದರು. ಕಾಳೂ ಹೊಟ್ಟೂ ಒಟ್ಟಿಗೇ ಹಾರಿ ವರಾಂಡದ ತುಂಬ ಚೆಲ್ಲಾಡಿದವು. ಇನ್ನೊಮ್ಮೆಯೂ ಹಾಗೆಯೇ ಆಯಿತು. ಅಜ್ಜಿ ಬೈಯತೊಡಗಿದಳು.

ನಾನು ಕಸಬರಿಗೆ ತಂದು ಕಾಳನ್ನು ಗುಡಿಸಿದೆ. ಗುಡಿಸಿದ ಕಾಳಿನಲ್ಲಿ ಧೂಳಿತ್ತು. ಬುಟ್ಟಿಗೆ ತುಂಬಿಕೊಂಡು, ಏನು ಮಾಡುತ್ತಿದ್ದೇನೆಂಬ ಯೋಚನೆಯೇ ಇಲ್ಲದೆ, ನಾಲ್ಕು ಸಲ ಕೇರಿಬಿಟ್ಟೆ. ತಲೆಯೆತ್ತಿದಾಗ ಅಜ್ಜಿಯ ಬೈಗುಳ ನಿಂತಿತ್ತು.

ಯಾರು ಕಲಿಸಿದರು ಎಂದು ಕೇಳಿದಳು. ನಮ್ಮವ್ವ ಎಂದೆ. ಕೊಟ್ಟೂರಿಗೂ ಉಜ್ಜಿನಿಗೂ ನಡುವಿನ ಹಳ್ಳಿ ನಮ್ಮದು. ಅವ್ವ ಬೇರೆಯವರ ಕಣಗಳಿಗೆ ಕೂಲಿಗೆ ಹೋಗುತ್ತಿದ್ದಳು, ಶಾಲೆಗೆ ರಜೆಯಿದ್ದಾಗ ನಾನೂ ಹೋಗುತ್ತಿದ್ದೆ. ಸಜ್ಜೆ, ಜೋಳ, ನವಣೆ ಎಲ್ಲವನ್ನೂ ಮೊರದಲ್ಲಿ ಕೇರಿದ್ದೆ. ಅಜ್ಜಿ ಟೀಚರಿಗೆ, ಹಬ್ಬದಲ್ಲಿ ಇವಳೇ ಕೇರಲಿ ಅಂದಳು.

ಟೀಚರ್ ಒಳ್ಳೆಯ ಹೆಂಗಸು. ಸಂಕೋಚದಿಂದ ಮುಖ ಕೆಂಪಗೆ ಮಾಡಿಕೊಂಡು, ಇದು ಈ ಊರಿನ ಹಿರಿಯರ ಕೆಲಸ ತೋರಿಸುವ ಹಬ್ಬ, ಹೊರಗಿನವರೊಬ್ಬರು ಮಾಡಿದರೆ ನೋಡಲು ಬಂದವರಿಗೆ ಗೊಂದಲವಾದೀತು ಎಂದು ಮೆಲ್ಲಗೆ ಹೇಳಿದರು. ನನಗೆ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಹಗುರವಾಯಿತು. ಮೊರ ಹಿಡಿಯುವುದು ತಪ್ಪಲಿ ಎಂದೇ ನಾನು ನರ್ಸಿಂಗ್ ಓದಿದ್ದು.

ಅವತ್ತು ಅವ್ವನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಇಲ್ಲಿ ಕೇರುವುದನ್ನು ಮಂದಿ ನಿಂತು ನೋಡಿ ಚಪ್ಪಾಳೆ ಹೊಡೆಯುತ್ತಾರೆ ಎಂಬುದು ಅವಳಿಗೆ ಅರ್ಥವೇ ಆಗಲಿಲ್ಲ.

"ಕೇರೋದ್ರಾಗ ನೋಡೋದೇನೈತಿ? ಅವ್ರಿಗೆ ಬ್ಯಾರೆ ಕೆಲ್ಸ ಇಲ್ಲೇನು?" ಅಂದಳು.

ಅಷ್ಟು ಮಂದಿಯೆದುರು ಕೇರಲು ನನಗೆ ನಾಚಿಕೆಯಾಗುತ್ತಿತ್ತು, ಅವರು ಬೇಡ ಅಂದದ್ದು ಒಳ್ಳೆಯದೇ ಆಯಿತು ಎಂದೆ. ಅವ್ವ ಅಂದಳು:

"ಆ ಮುದುಕಿ ಕೈಲೆ ಆಗವಲ್ದು, ಅದಕ್ಕ ನಿನ್ನ ಕೇಳ್ಯಾಳ. ನಾಚಿಕಿ ಯಾಕ ಬೇಕು ಅದಕ್ಕ? ಅದರಾಗ ದುಡದೇ ನಿನ್ನ ಸಾಕೀನಿ."

ಸಿಟ್ಟಿನಿಂದ ಅಂದದ್ದಲ್ಲ. ಆದರೂ ಆ ಮಾತು ನನ್ನಲ್ಲಿ ಉಳಿದುಕೊಂಡಿತು.

ಹಬ್ಬದ ಕೊನೆಯ ದಿನ ನಾನು ಡ್ಯೂಟಿಯ ನೀಲಿ ಯೂನಿಫಾರ್ಮಿನಲ್ಲೇ ಅಜ್ಜಿಯ ಕುರ್ಚಿ ತಳ್ಳಿಕೊಂಡು ಬಯಲಿಗೆ ಹೋದೆ. ದಿನಾ ಸಂಜೆ ಐದರ ಹೊತ್ತಿಗೆ ಕಣಿವೆಯಿಂದ ಗಾಳಿ ಬರುತ್ತದೆ, ತೂರುವುದು ಆಗಲೇ. ಅವತ್ತು ಐದೂವರೆಯಾದರೂ ಎಲೆ ಅಲುಗಲಿಲ್ಲ. ಅಂಗಿಯ ತೋಳು ಮಡಚಿದ ಗಂಡಸರು ಮರದ ಕವಲುಗೋಲುಗಳಿಂದ ಗೋಧಿ ಎಸೆದರು. ಹೊಟ್ಟು ನೆಟ್ಟಗೆ ಮೇಲೆ ಹೋಗಿ ಅವರ ತಲೆಯ ಮೇಲೆಯೇ ಬಿತ್ತು. ಜನ ನಕ್ಕರು. ಮೂರನೆಯ ಸಲಕ್ಕೆ ನಗು ನಿಂತು, ಹಿಂದಿದ್ದವರು ಐಸ್‌ಕ್ರೀಮ್ ಅಂಗಡಿಯ ಕಡೆ ಹೊರಟರು. ಟೀಚರ್ ತಾವೇ ಬುಟ್ಟಿ ಹಿಡಿದು ಎಗರಿಸಿದರು, ಕಾಳೆಲ್ಲ ನೆಲಕ್ಕೆ ಬಿತ್ತು. ಅವರ ಕಣ್ಣಲ್ಲಿ ನೀರಾಡಿದ್ದು ನನಗೆ ಕಾಣಿಸಿತು. ಒಂದು ವರ್ಷದಿಂದ ಓಡಾಡಿದ್ದ ಹೆಂಗಸು.

ಅಜ್ಜಿ ನನ್ನ ತೋಳು ಹಿಡಿದೆಳೆದಳು.

"ಹೋಗ. ನನ್ನ ಕುರ್ಚಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಆದರೂ ಬ್ರೇಕ್ ಹಾಕಿದ್ದೇನೆಯೇ ಎಂದು ಎರಡು ಸಲ ನೋಡಿ ಹೋದೆ. ಟೀಚರ್ ಬುಟ್ಟಿ ಕೊಟ್ಟರು. ತೂರಲು ಗಾಳಿ ಬೇಕು. ಕೇರಲು ಕೈ ಸಾಕು. ನಮ್ಮ ಮೊರಕ್ಕಿಂತ ಆ ಬುಟ್ಟಿ ಆಳವಾಗಿತ್ತು, ಮೊದಲ ಸಲ ಒಂದಿಷ್ಟು ಕಾಳು ಆಚೆ ಜಿಗಿಯಿತು. ಅಂಚನ್ನು ಸ್ವಲ್ಪ ತಗ್ಗಿಸಿ ಹಿಡಿದೆ. ಆಮೇಲೆ ಕೈಗೆ ಲಯ ಸಿಕ್ಕಿತು. ಎಗರಿಸುವುದು, ತಟ್ಟುವುದು, ಕುಲುಕುವುದು. ಹೊಟ್ಟು ಅಂಚಿಗೆ ಬಂದು ಉದುರುತ್ತಿತ್ತು, ಕಾಳು ಹಿಂದಕ್ಕೆ ಸರಿಯುತ್ತಿತ್ತು. ಬೆಂಚಿನ ಮೇಲಿದ್ದ ಮುದುಕಿಯರು ಎದ್ದು ಹತ್ತಿರ ಬಂದರು. ಒಬ್ಬಳು ನನ್ನ ಬುಟ್ಟಿಯಿಂದಲೇ ಒಂದು ಕಾಳು ತೆಗೆದು ಕಡಿದು ನೋಡಿ ತಲೆಯಾಡಿಸಿದಳು. ಇನ್ನೊಬ್ಬಳು ತನ್ನ ವಸ್ತ್ರದಿಂದ ನನ್ನ ಕೂದಲ ಮೇಲಿನ ಹೊಟ್ಟು ಒರೆಸಿದಳು. ಅಂಗಡಿಯ ಕಡೆ ಹೋದವರು ಕೈಯಲ್ಲಿ ಐಸ್‌ಕ್ರೀಮ್ ಹಿಡಿದುಕೊಂಡು ವಾಪಸು ಬಂದರು.

ಮುಗಿದ ಮೇಲೆ ಟೀಚರ್ ಮೈಕ್ ಹಿಡಿದು, ಈಕೆ ಎಲ್ಲಿಯವಳು ಎಂದು ಎಲ್ಲರೆದುರು ಕೇಳಿದರು. ಅಲ್ಲಿಯವರೆಗೆ ಯಾರು ಕೇಳಿದರೂ ಬೆಂಗಳೂರಿನ ಕಡೆ ಎಂದು ಹೇಳಿ ಮುಗಿಸುತ್ತಿದ್ದೆ. ಅವತ್ತು ಕೊಟ್ಟೂರು ಎಂದೆ. ಒತ್ತಕ್ಷರ ಅವರಿಗೆ ಕಷ್ಟವಲ್ಲ, ಚೆನ್ನಾಗಿಯೇ ಒತ್ತಿದರು. ಟಕಾರ ಮಾತ್ರ ತಕಾರವಾಯಿತು. "ಕೊತ್ತೂರು" ಎಂದು ಬಯಲಿನ ತುಂಬ ಕೇಳಿಸಿತು. ಅಲ್ಲಿ ಈ ಕೆಲಸ ಇನ್ನೂ ಜೀವಂತವಾಗಿದೆಯಂತೆ ಎಂದು ಟೀಚರ್ ಹೇಳಿದರು. ಜೋಳವನ್ನು ನಾವು ಈಗ ಡಾಂಬರು ರಸ್ತೆಯ ಮೇಲೆ ಹರಡಿ ಲಾರಿಗಳಿಂದ ತುಳಿಸುತ್ತೇವೆ ಎಂಬುದನ್ನು ನಾನು ಹೇಳಲು ಹೋಗಲಿಲ್ಲ.

ಮರುದಿನ ಆ ಗೋಧಿಯನ್ನೇ ಬೀಸಿ ಬ್ರೆಡ್ ಮಾಡಿ ಮನೆಮನೆಗೆ ಹಂಚಿದರು. ಟೀಚರ್ ವೃದ್ಧಾಶ್ರಮಕ್ಕೂ ಒಂದು ದೊಡ್ಡ ಬ್ರೆಡ್ ತಂದು, ನನ್ನನ್ನು ತಬ್ಬಿಕೊಂಡು, ಅವತ್ತು ಬೇಡವೆಂದದ್ದಕ್ಕೆ ಕ್ಷಮೆ ಕೇಳಿದರು. ಅಜ್ಜಿ ಹಾಲಿನಲ್ಲಿ ಅದ್ದಿಕೊಂಡು ತಿಂದಳು. ತಿಂದಾದ ಮೇಲೆ, ನಿನಗೆ ಕಲಿಸಿದವಳನ್ನು ತೋರಿಸು ಅಂದಳು.

ಅಲ್ಲಿ ಮಧ್ಯಾಹ್ನ, ಇಲ್ಲಿ ದೀಪ ಹಚ್ಚುವ ಹೊತ್ತು. ವಿಡಿಯೋ ಕಾಲ್ ಮಾಡಿದೆ. ಅವ್ವ ಆಗಷ್ಟೇ ಮುಖ ತೊಳೆದು ಕುಂಕುಮ ಹಚ್ಚಿಕೊಂಡಿದ್ದಳು. ಅಜ್ಜಿಯನ್ನು ಕಂಡವಳೇ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕುಳಿತರು.

"ಉಂಡಳಂತೇನು ಕೇಳು," ಎಂದಳು ಅವ್ವ. ಕೇಳಿದೆ. ನಿಮ್ಮ ಕಡೆ ಏನು ಬೆಳೆಯುತ್ತಾರೆ ಎಂದು ಅಜ್ಜಿ ಕೇಳಿದಳು. ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಅವ್ವ ಒಳಗೆ ಹೋಗಿ ಬೊಗಸೆ ತುಂಬ ಜೋಳ ತಂದು ಫೋನಿಗೆ ಹಿಡಿದಳು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, ಮುತ್ತಿನಂಗ ಅದಾವು ಅಂದಳು. ಆಮೇಲೆ ಅವರು ನನಗಾಗಿ ಕಾಯಲಿಲ್ಲ. ಅವಳು ಅವಳ ಮಾತಿನಲ್ಲಿ, ಇವಳು ಇವಳ ಮಾತಿನಲ್ಲಿ, ಒಬ್ಬರ ಮೇಲೊಬ್ಬರು ಹೇಳುತ್ತಲೇ ಹೋದರು. ಪಕ್ಕದ ಕೋಣೆಯವರ ಮಾತ್ರೆಯ ಹೊತ್ತಾಗಿತ್ತು. ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ನಾನು ಎದ್ದೆ.